ಐಡಿ ಕಾರ್ಡಿನಲ್ಲಿ ಇಎಂಟಿ ಅಂತ ಇಲ್ಲ

ನಮ್ಮ ಚಿಕ್ಕಮ್ಮನ ಮಗನನ್ನು ಊರಲ್ಲಿ ಎಲ್ಲರೂ ಕರೆಯುವುದು ‘ನೂರೆಂಟು’ ಅಂತ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಅದು ಮೇಷ್ಟ್ರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿಲ್ಲ. 2013ರಲ್ಲಿ ನಂಗಲಿ ಕಡೆಯಿಂದ ಮುಳಬಾಗಿಲು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ 108 ಗಾಡಿಯಲ್ಲೇ ಹುಟ್ಟಿದವನು ಅವನು. ನನಗಾಗ ಹನ್ನೊಂದು ವರ್ಷ. ಅಜ್ಜಿಯ ಸೆರಗು ಬಿಡದೆ ಗಾಡಿ ಹತ್ತಿಬಿಟ್ಟಿದ್ದೆ, ಬೈದು ಮುಂದೆ ಡ್ರೈವರ್ ಪಕ್ಕ ಕೂರಿಸಿದ್ದರು. ಹೆರಿಗೆ ನಾನು ನೋಡಲಿಲ್ಲ. ಗಾಡಿ ನಿಂತ ಮೇಲೆ ನೋಡಿದ್ದು ಇಷ್ಟು: ಗ್ಲೌಸ್ ಹಾಕಿದ್ದ ಒಬ್ಬ ಅಕ್ಕ ಮಗುವನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೆನ್ನುಜ್ಜಿ, ಅದು ಅತ್ತ ಮೇಲೆ ಚಿಕ್ಕಮ್ಮನ ಎದೆ ಮೇಲೆ ಮಲಗಿಸಿ, ವಾಚು ನೋಡಿ, ಎಡಗೈಯ ಗ್ಲೌಸಿನ ಮೇಲೇ ಪೆನ್ನಲ್ಲಿ ಟೈಮ್ ಬರೆದುಕೊಂಡಳು. ಅಷ್ಟು ಗಲಾಟೆಯಲ್ಲಿ ಅವಳಿಗೆ ಟೈಮ್ ಬರೆಯಬೇಕು ಅಂತ ಹೇಗೆ ನೆನಪಾಯಿತು ಅಂತ ನಾನು ಬಹಳ ದಿನ ಯೋಚಿಸಿದ್ದೆ.

ಕರ್ನಾಟಕದಲ್ಲಿ ಆರೋಗ್ಯ ಕವಚ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಆ ಗಾಡಿಯಲ್ಲಿ ಓಡಿಸುವವರನ್ನು ಪೈಲಟ್ ಅಂತಾರೆ, ಹಿಂದೆ ರೋಗಿ ಜೊತೆ ಇರುವವರು ಇಎಂಟಿ, ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ನಮ್ಮ ಕಡೆ ಜನಕ್ಕೆ ಈ ಹೆಸರೆಲ್ಲ ಬೇಡ. ಗಂಡಸಾದರೆ ಡಾಕ್ಟ್ರು, ಹೆಂಗಸಾದರೆ ನರ್ಸಮ್ಮ.

ಪಿಯುಸಿ ಸೈನ್ಸ್‌ನಲ್ಲಿ ನನಗೆ ಬಂದ ಅಂಕಕ್ಕೆ ನೀಟ್ ಮಾತೇ ಇರಲಿಲ್ಲ. ನರ್ಸಿಂಗ್‌ಗೆ ಮೂರು ವರ್ಷದ ಫೀಸು ಕಟ್ಟುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಕೋಲಾರದ ಮಹಡಿ ಮೇಲಿನ ಒಂದು ತರಬೇತಿ ಕೇಂದ್ರದವರು ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡು ಹಾಕಿದ್ದು ಕಣ್ಣಿಗೆ ಬಿತ್ತು. ಇಎಂಟಿ ಬೇಸಿಕ್, ಆರು ತಿಂಗಳು, ನೂರಕ್ಕೆ ನೂರು ಪ್ಲೇಸ್‌ಮೆಂಟ್. ಫೀಸು 35 ಸಾವಿರ, ಮೂರು ಕಂತು. ಅಪ್ಪ ಮೊದಲ ಕಂತು ಕಟ್ಟಿದ್ದು ಹಸು ಮಾರಿದ ದುಡ್ಡಲ್ಲಿ. ಅಮ್ಮನ ಚಿಂತೆ ಬೇರೆ ಇತ್ತು. “ಹೆಣ ಸಾಗಿಸೋ ಗಾಡೀಲಿ ಕೆಲ್ಸ ಮಾಡ್ತಾಳೆ ಅಂದ್ರೆ ಯಾರು ಮಾಡ್ಕೋತಾರೆ ಇವ್ಳನ್ನ?” ಅಂತ. ಹೆಣದ ಗಾಡಿ ಬೇರೆ, ಆಂಬುಲೆನ್ಸ್ ಬೇರೆ ಅಂತ ಎಷ್ಟು ಹೇಳಿದರೂ ಅವಳಿಗೆ ಎರಡೂ ಬಿಳಿ ಗಾಡಿಗಳೇ.

ಕಲಿತದ್ದನ್ನು ನಾನು ಕೀಳು ಮಾಡಲ್ಲ. ಕಲಿಸಿದ ಸರ್ ಒಬ್ಬರು ಹತ್ತು ವರ್ಷ ಗಾಡಿಯಲ್ಲಿ ದುಡಿದವರು. ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನಲ್ಲಿ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120, ಆಳ ಐದಾರು ಸೆಂಟಿಮೀಟರ್, ಮೂವತ್ತು ಒತ್ತಿದರೆ ಎರಡು ಉಸಿರು. ನಮ್ಮ ಅಭ್ಯಾಸದ ಗೊಂಬೆಯ ಎದೆಯೊಳಗಿನ ಸ್ಪ್ರಿಂಗು ಮುರಿದಿತ್ತು, ಒತ್ತಿದರೆ ಟಿಕ್ ಅನ್ನುತ್ತಿರಲಿಲ್ಲ. ಅದಕ್ಕೆ ಸರ್ ಪಕ್ಕದಲ್ಲೇ ಕೂತು ಬಾಯಲ್ಲಿ ಟಿಕ್ ಅನ್ನುತ್ತಿದ್ದರು. ಆಳ ಸಾಲದಿದ್ದರೆ ಸುಮ್ಮನಿರುತ್ತಿದ್ದರು, ಆ ಮೌನಕ್ಕೇ ನಾವು ಬೆವರುತ್ತಿದ್ದೆವು. ಕುತ್ತಿಗೆಗೆ ಕಾಲರ್ ಹಾಕುವುದು, ಸ್ಪೈನ್ ಬೋರ್ಡಿಗೆ ಹೊರಳಿಸುವುದು, ಉಸಿರು ತುಂಬುವ ಆಂಬು ಬ್ಯಾಗ್ ಹಿಡಿಯುವುದು, ಬಾಯಿ ಗಂಟಲಿನ ಕಫ ಎಳೆಯುವ ಸಕ್ಷನ್, ಹೆರಿಗೆ ಕಿಟ್ಟು, ಜೊತೆಗೆ ಒಂದು ತಿಂಗಳು ಆಸ್ಪತ್ರೆಯ ಕ್ಯಾಶುವಾಲ್ಟಿ. ಕೊನೆಗೆ ಟ್ಯಾಬ್‌ನಲ್ಲಿ ಥಿಯರಿ, ಆಮೇಲೆ ಪ್ರಾಕ್ಟಿಕಲ್, ವೈವಾ. 2023ರ ಶುರುವಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಎನ್‌ಎಸ್‌ಕ್ಯೂಎಫ್, ಅಂದರೆ ಕೇಂದ್ರದ ಕೌಶಲ ಅರ್ಹತೆಯ ಲೆಕ್ಕದಲ್ಲಿ ನಾಲ್ಕನೇ ಹಂತ, ಮೂಲೆಯಲ್ಲಿ ಕ್ಯೂಆರ್ ಕೋಡ್. ಅಪ್ಪ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಲ್ಯಾಮಿನೇಷನ್ ಮಾಡಿಸಬಾರದು ಅಂತ ಆಮೇಲೆ ಯಾರೋ ಹೇಳಿದರು, ಆಗಿಹೋಗಿತ್ತು.

ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರೆ ಮೂರು ಫೋನ್ ನಂಬರು ಬರೆದ ಒಂದು ಚೀಟಿ. ಮೊದಲನೆಯದು ರಕ್ತಪರೀಕ್ಷೆಯ ಲ್ಯಾಬು, ಅವರಿಗೆ ಬೇಕಿದ್ದದ್ದು ಲ್ಯಾಬ್ ಡಿಪ್ಲೊಮಾ ಮಾಡಿದವರು. ಎರಡನೆಯದು ಬೆಂಗಳೂರಿನ ಹೋಮ್ ಕೇರ್ ಏಜೆನ್ಸಿ: ವಯಸ್ಸಾದವರ ಮನೆಯಲ್ಲೇ ಇದ್ದು ಡಯಾಪರ್ ಬದಲಿಸಿ, ಊಟ ಮಾಡಿಸಿ, ತಿಂಗಳಿಗೆ ಎರಡು ದಿನ ರಜೆ. ಅದು ಕೀಳು ಕೆಲಸ ಅಂತಲ್ಲ. ಆದರೆ ಅದಕ್ಕೆ ಈ ಆರು ತಿಂಗಳು ಬೇಕಿರಲಿಲ್ಲ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಇಎಂಟಿ ಆದವರ ಕಣ್ಣೆಲ್ಲ ದೊಡ್ಡ ಆಂಬುಲೆನ್ಸ್ ಸೇವೆಗಳ ಮೇಲೇ ಇರುತ್ತದೆ. ಅಂಥ ಒಂದರ ಸಂದರ್ಶನಕ್ಕೆ ನಾನೂ, ನನ್ನ ಬ್ಯಾಚಿನ ಗೆಳತಿಯೂ ಬೆಂಗಳೂರಿಗೆ ಹೋದೆವು. ಬೆಳಗಿನ ಜಾವ ಅಪ್ಪನ ಬೈಕಲ್ಲಿ ಬಂಗಾರಪೇಟೆ, ಅಲ್ಲಿಂದ ಮಾರಿಕುಪ್ಪಂ ರೈಲು. ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ದುಡಿಯಲು ಹೋಗುವವರ ರೈಲು ಅದು. ಸೀಟು ಸಿಗುವುದಿಲ್ಲ, ಸಿಕ್ಕಿದವರು ನಿಂತವರ ಚೀಲ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಬರವಣಿಗೆ ಪರೀಕ್ಷೆ, ಗೊಂಬೆ ಮೇಲೆ ಸಿಪಿಆರ್, ಆಮೇಲೆ ಮಾತು. ಗೊಂಬೆ ಮೇಲೆ ಅವಳಿಗಿಂತ ನಾನೇ ಚೆನ್ನಾಗಿ ಮಾಡಿದೆ. ಅವಳೂ ಅದನ್ನೇ ಹೇಳಿದಳು. ಆಯ್ಕೆಯಾದದ್ದು ಅವಳು, ಯಾಕೆಂದರೆ ಅವಳು ಮೊದಲೇ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿದ್ದಳು. ನನಗೆ “ಫೋನ್ ಮಾಡ್ತೀವಮ್ಮ” ಅಂದರು.

ಸಿಟ್ಟು ಬಂತು. ಆದರೆ ತಣ್ಣಗೆ ಯೋಚಿಸಿದರೆ ಅವರದೂ ತಪ್ಪಲ್ಲ. ನರ್ಸಿಂಗ್ ಮಾಡಿದವಳಿಗೆ ಐವಿ ಲೈನ್ ಹಾಕಲು ಬರುತ್ತದೆ, ಇಂಜೆಕ್ಷನ್ ಕೊಡಲು ಬರುತ್ತದೆ, ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇರುತ್ತದೆ. ಬೇಸಿಕ್ ಇಎಂಟಿಗೆ ಅದ್ಯಾವುದೂ ಇಲ್ಲ. ನನಗೆ ಮೊದಲೇ ಗೊತ್ತಿರಬೇಕಾಗಿದ್ದ ಇನ್ನೊಂದು ವಿಷಯವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಒಂದು ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಂದರೆ ಪ್ಯಾರಾಮೆಡಿಕ್, ಇದೆ. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಡಿಪ್ಲೊಮಾನೋ ಡಿಗ್ರಿನೋ ಇರಬೇಕು, ಕಲಿಕೆ 2,000 ಗಂಟೆಗೆ ಕಡಿಮೆ ಇರಬಾರದು, ಅದೂ ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿರಬೇಕು. ನನ್ನ ಆರು ತಿಂಗಳು ಆ ಬಾಗಿಲ ಹತ್ತಿರಕ್ಕೂ ಬರುವುದಿಲ್ಲ. ಸೇರುವ ದಿನ ಇದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಈಗ ಮೂರನೇ ನಂಬರು. ಕೋಲಾರದಲ್ಲಿ ಖಾಸಗಿ ಆಂಬುಲೆನ್ಸ್ ಇಟ್ಟಿದ್ದ ಒಬ್ಬರು. ಎರಡು ಗಾಡಿ, ಒಂದು ಓಮ್ನಿ, ಒಂದು ಟ್ರಾವೆಲರ್. ಇಲ್ಲಿನ ಆಸ್ಪತ್ರೆಯವರು ನೋಡಿ ಬೆಂಗಳೂರಿಗೆ ಬರೆದುಕೊಟ್ಟ ರೋಗಿಗಳನ್ನು ನಿಮ್ಹಾನ್ಸ್, ಜಯದೇವ, ವಿಕ್ಟೋರಿಯಾಕ್ಕೆ ಸಾಗಿಸುವುದೇ ಕೆಲಸ. ಸಂಬಳ ಇಲ್ಲ, ಟ್ರಿಪ್ಪಿಗೆ 400. ಟ್ರಿಪ್ ಇಲ್ಲದ ದಿನ ಟೀ. ಡ್ರೈವರ್ ಅಣ್ಣ ಒಳ್ಳೆಯವರೇ. “ನೋಡಮ್ಮಾ, ನೀನು ಹಿಂದೆ ಕುಂತ್ರೆ ಸಾಕು, ಪೇಷಂಟ್ ಕಡೆಯೋರ್ಗೆ ಧೈರ್ಯ ಇರ್ತೈತೆ” ಅಂತ ಮೊದಲ ದಿನವೇ ನನ್ನ ಹುದ್ದೆಯನ್ನು ವಿವರಿಸಿದ್ದರು.

ಹನ್ನೊಂದು ದಿನ ಇದ್ದೆ ಅಲ್ಲಿ. ಹನ್ನೊಂದನೆಯ ದಿನದ್ದು ಹೇಳಲೇಬೇಕು.

ಸಂಜೆ ಐದೂವರೆ. ಶ್ರೀನಿವಾಸಪುರ ರಸ್ತೆಯಲ್ಲಿ ಬೈಕಿಂದ ಬಿದ್ದ ಹುಡುಗ, ತಲೆಗೆ ಪೆಟ್ಟು, ನಿಮ್ಹಾನ್ಸ್‌ಗೆ ಬರೆದಿದ್ದರು. ಮುಖಕ್ಕೆ ಚೀಲ ಇರುವ ಆಕ್ಸಿಜನ್ ಮಾಸ್ಕ್, ನಿಮಿಷಕ್ಕೆ ಹತ್ತು ಲೀಟರ್ ಕೊಡಿ ಅಂತ ಡ್ಯೂಟಿ ಡಾಕ್ಟ್ರು ಹೇಳಿ ಕಳಿಸಿದರು. ಹುಡುಗನನ್ನು ಹತ್ತಿಸಿ, ಗಾಡಿಯ ಸಿಲಿಂಡರಿಗೆ ಜೋಡಿಸಿ, ಕೀ ತಿರುಗಿಸಿದೆ. ಒತ್ತಡ ತೋರಿಸುವ ಮುಳ್ಳು 70ರಲ್ಲಿ ನಿಂತಿತು.

ಬಿ ಟೈಪ್ ಸಿಲಿಂಡರು ತುಂಬಿದ್ದರೆ ಮುಳ್ಳು 150ರಲ್ಲಿ ಇರುತ್ತದೆ, ಒಳಗೆ ಸುಮಾರು 1,500 ಲೀಟರ್. 70 ಅಂದರೆ 700. ಪೂರ್ತಿ ಖಾಲಿ ಮಾಡಬಾರದು, 20ರಷ್ಟು ಉಳಿಸಬೇಕು ಅಂತ ಸರ್ ಹೇಳಿಕೊಟ್ಟಿದ್ದರು. ಉಳಿದದ್ದು 500. ನಿಮಿಷಕ್ಕೆ ಹತ್ತರಂತೆ ಐವತ್ತು ನಿಮಿಷ. ಕೋಲಾರದಿಂದ ನಿಮ್ಹಾನ್ಸ್‌ಗೆ ಎಪ್ಪತ್ತು ಕಿಲೋಮೀಟರ್ ಮೇಲೆ, ಅದೂ ಸಂಜೆ, ಅದೂ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟಿ. ಸೈರನ್ ಹಾಕಿದರೂ ಎರಡು ಗಂಟೆಗೆ ಕಡಿಮೆ ಇಲ್ಲ.

“ಅಣ್ಣ, ಇನ್ನೊಂದು ಸಿಲಿಂಡರ್ ಬೇಕು.”

“ಹೊಸಕೋಟೇಲಿ ನೋಡ್ಕೊಳ್ಳಾಣ ಹತ್ತಮ್ಮ, ಲೇಟಾಗ್ತೈತೆ.”

ಹೊಸಕೋಟೆಯಲ್ಲಿ ಯಾರ ಮನೆಯಲ್ಲಿ ನೋಡಿಕೊಳ್ಳುವುದು? ನಾನು ಇಳಿದು ನಿಂತೆ. ಹುಡುಗನ ಮಾವ ನನ್ನ ಮೇಲೇ ಕೂಗಾಡಿದರು, ತೆಲುಗಲ್ಲಿ. ನಮ್ಮ ಮನೆಮಾತೂ ತೆಲುಗೇ ಆದ್ದರಿಂದ ಅರ್ಥವಾಗದ ಹಾಗೆ ನಟಿಸಲೂ ಆಗಲಿಲ್ಲ. ಡ್ರೈವರ್ ಅಣ್ಣ ಓನರಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು. “ನೀನೇನು ಡಾಕ್ಟ್ರಮ್ಮನಾ? ಹತ್ತು ಸುಮ್ನೆ” ಅಂದರು ಓನರು. ನಾನು ಕ್ಯಾಶುವಾಲ್ಟಿಗೆ ಓಡಿದೆ. ಅಲ್ಲಿದ್ದ ಸಿಸ್ಟರ್ ಒಬ್ಬರು ಲೆಕ್ಕ ಕೇಳಿ, ಮಾತಾಡದೆ ತಮ್ಮ ವಾರ್ಡಿನ ತುಂಬಿದ ಸಿಲಿಂಡರನ್ನು ರಿಜಿಸ್ಟರಿನಲ್ಲಿ ಬರೆಸಿಕೊಂಡು, ನನ್ನ ಆಧಾರ್ ಕಾರ್ಡು ಇಟ್ಟುಕೊಂಡು ಕೊಟ್ಟರು. ಇಷ್ಟಕ್ಕೆ ಹನ್ನೆರಡು ನಿಮಿಷ ಹೋಯಿತು.

ಮೊದಲನೇ ಸಿಲಿಂಡರಿನ ಮುಳ್ಳು 20ಕ್ಕೆ ಬಂದದ್ದು ಹೊಸಕೋಟೆ ದಾಟಿದ ಸ್ವಲ್ಪ ಹೊತ್ತಿಗೆ. ಓಡುವ ಗಾಡಿಯಲ್ಲಿ ಮಂಡಿಯೂರಿ, ಸ್ಪ್ಯಾನರ್ ಹಿಡಿದು ರೆಗ್ಯುಲೇಟರ್ ಬಿಚ್ಚಿ ಹೊಸದಕ್ಕೆ ಹಾಕಿದೆ. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಂತೇ ಇತ್ತು. ಹುಡುಗನ ಮಾವ ಒಮ್ಮೆ ಮುಳ್ಳಿನ ಕಡೆ, ಒಮ್ಮೆ ಮುಂದಿನ ಗಾಜಿನ ಕಡೆ ನೋಡುತ್ತಿದ್ದರು, ಏನೂ ಮಾತಾಡಲಿಲ್ಲ. ಹುಡುಗನನ್ನು ಒಪ್ಪಿಸಿದಾಗ ಉಸಿರಾಟ ಚೆನ್ನಾಗಿಯೇ ಇತ್ತು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಈ ಕೆಲಸದಲ್ಲಿ ಕಥೆಯ ಕೊನೆ ಗೊತ್ತಾಗುವುದು ಕಡಿಮೆ.

ಮಾರನೇ ದಿನ ಓನರು ಹತ್ತು ಟ್ರಿಪ್ಪಿನ ದುಡ್ಡಲ್ಲಿ ಏಳರದ್ದು ಕೊಟ್ಟು, ಬರುವುದು ಬೇಡ ಅಂದರು. ಆ ಸಿಲಿಂಡರ್ ವಾಪಸ್ ಕೊಟ್ಟು ಆಧಾರ್ ಕಾರ್ಡು ಬಿಡಿಸಿಕೊಂಡು ಬರಲು ಆಟೋಗೆ ನನ್ನದೇ ಖರ್ಚು.

ಆಮೇಲಿನ ನಾಲ್ಕು ತಿಂಗಳ ಬಗ್ಗೆ ಉದ್ದ ಬರೆಯಲು ಏನೂ ಇಲ್ಲ. ಒಂದು ಆಸ್ಪತ್ರೆಯಲ್ಲಿ ‘ಕ್ಯಾಶುವಾಲ್ಟಿ ಟೆಕ್ನಿಷಿಯನ್’ ಅಂತ ಕರೆದು ಟ್ರಾಲಿ ತಳ್ಳಿಸಿದರು, ಒಂಬತ್ತು ಸಾವಿರ ಅಂದರು, ಎರಡು ವಾರಕ್ಕೆ ಬಿಟ್ಟೆ. ಹೆದ್ದಾರಿಯ ಟೋಲ್ ಹತ್ತಿರ ಆಂಬುಲೆನ್ಸ್ ನಿಂತಿರುತ್ತದಲ್ಲ, 1033ಕ್ಕೆ ಕರೆ ಬಂದರೆ ಹೋಗುವಂಥದ್ದು, ಅಲ್ಲಿಯೂ ಕೇಳಿದೆ. ಗುತ್ತಿಗೆದಾರರ ಕಡೆಯವರು “ರಾತ್ರಿ ಡ್ಯೂಟಿ ಇರ್ತೈತೆ, ಗಂಡುಮಕ್ಕಳಾದ್ರೆ ಹೇಳಿ” ಅಂದರು. ದುಬೈಗೆ ಕಳಿಸುತ್ತೇನೆ ಅಂದ ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳಿದ. ಆ ವರ್ಷದ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತು. ನನ್ನ ಫೀಸಿನ ಸಾಲ ತಲೆ ಮೇಲಿದೆ ಅಂತ ಅಪ್ಪ ಆ ಸಲ ಟೊಮೆಟೊ ಹಾಕುವ ಧೈರ್ಯ ಮಾಡಿರಲಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬೈದಿದ್ದರೇ ಎಷ್ಟೋ ಹಗುರಾಗಿರುತ್ತಿತ್ತು.

ಕೆಲಸ ಸಿಕ್ಕಿದ್ದು ಬಸ್ಸಿನಲ್ಲಿ. ಮುಳಬಾಗಿಲಿಂದ ಬರುವ ಕಾರ್ಖಾನೆ ಬಸ್ಸಿನ ಹುಡುಗಿಯೊಬ್ಬಳು, ಹಳೆಯ ಸಹಪಾಠಿ, “ನಮ್ಮ ಒಎಚ್‌ಸಿಗೆ ಲೇಡೀಸ್ ಬೇಕಂತೆ ಕಣೇ, ನೀನು ಆಂಬುಲೆನ್ಸ್ ಓದಿದ್ಯಲ್ಲ” ಅಂದಳು. ಒಎಚ್‌ಸಿ ಅಂದರೆ ಆಕ್ಯುಪೇಷನಲ್ ಹೆಲ್ತ್ ಸೆಂಟರ್, ಕಾರ್ಖಾನೆಯೊಳಗಿನ ಚಿಕಿತ್ಸಾ ಕೊಠಡಿ. ಆರು ತಿಂಗಳ ಕೋರ್ಸಿನಲ್ಲಿ ಆ ಮೂರು ಅಕ್ಷರ ಒಂದು ಸಲವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ನರಸಾಪುರ, ವೇಮಗಲ್, ಮಾಲೂರು ಕಡೆ ಇಷ್ಟೊಂದು ಕಾರ್ಖಾನೆ ಇರುವಾಗ ಇದನ್ನು ಹೇಳದೆ ನಂಬರಿನ ಚೀಟಿ ಕೊಟ್ಟರಲ್ಲ ಅಂತ ಈಗಲೂ ನನಗೆ ಬೇಸರ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 45ನೇ ಸೆಕ್ಷನ್ನಿನಲ್ಲೇ ಇತ್ತು: 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ, 500ಕ್ಕೂ ಹೆಚ್ಚು ಜನ ಇರುವ ಕಡೆ ಆಂಬುಲೆನ್ಸ್ ರೂಮು, ಅದಕ್ಕೆ ಬೇಕಾದ ಸಿಬ್ಬಂದಿ. ಅಂದರೆ ಅಲ್ಲಿ ಯಾರಾದರೂ ಇರಲೇಬೇಕಿತ್ತು.

ಟೋಲಿನಲ್ಲಿ ಬೇಡವಾದ ಹೆಣ್ಣು ಇಲ್ಲಿ ಬೇಕಾಗಿದ್ದಳು. ಮೊಬೈಲ್, ಎಲೆಕ್ಟ್ರಾನಿಕ್ಸ್ ಜೋಡಣೆಯ ಲೈನುಗಳಲ್ಲಿ ನಿಲ್ಲುವವರು ಬಹುತೇಕ ಹೆಣ್ಣುಮಕ್ಕಳು, ಹದಿನೆಂಟು ಇಪ್ಪತ್ತರವರು. 2023ರಲ್ಲೇ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ದಾರಿ ಮಾಡಿತ್ತು. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಅಂತ ಬರುವ ಹುಡುಗಿಗೆ ಗಂಡಸು ಟೆಕ್ನಿಷಿಯನ್ ಎದುರು ಮುಟ್ಟಿನ ಮಾತು ಆಡಲು ಆಗುವುದಿಲ್ಲ.

ಸಂದರ್ಶನ ಮಾಡಿದ್ದು ಕಾರ್ಖಾನೆಯ ಡಾಕ್ಟ್ರು, ಅರವತ್ತು ದಾಟಿದವರು. “ಲೈನಲ್ಲಿ ಹುಡುಗಿ ತಲೆ ಸುತ್ತಿ ಬಿದ್ಲು. ಮೊದ್ಲು ಏನ್ಮಾಡ್ತೀಯ?” ಸ್ಥಳ ಸುರಕ್ಷಿತವಾ ನೋಡ್ತೀನಿ, ಪ್ರಜ್ಞೆ ಇದೆಯಾ ನೋಡ್ತೀನಿ, ಉಸಿರು, ನಾಡಿ ಅಂತ ನಾನು ಪುಸ್ತಕ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, “ಸುತ್ತ ನಿಂತಿರೋ ನಲವತ್ತು ಜನಾನ ಮೊದ್ಲು ಓಡಿಸಮ್ಮ, ಆಮೇಲೆ ಉಸಿರು ನೋಡು” ಅಂದರು. ಆಮೇಲೆ ಭಾಷೆ ಕೇಳಿದರು. ಕನ್ನಡ, ತೆಲುಗು ಸರಿ. ಕೆಜಿಎಫ್ ಹುಡುಗಿಯರು ಬರುತ್ತಾರೆ, ತಮಿಳು? ‘ಎಂಗ ವಲಿಕುದು’, ಎಲ್ಲಿ ನೋಯುತ್ತೆ, ಅನ್ನುವಷ್ಟು ಬರುತ್ತೆ ಅಂದೆ. ನಕ್ಕರು. ನಾಲ್ಕು ಕಡೆ ಮುಂದಿಟ್ಟ ನನ್ನ ಲ್ಯಾಮಿನೇಷನ್ ಸರ್ಟಿಫಿಕೇಟ್ ಅಲ್ಲಿ ಒಂದು ನಿಮಿಷವೂ ಮೇಜಿನ ಮೇಲೆ ಇರಲಿಲ್ಲ. ಬಿಎಲ್‌ಎಸ್, ಅಂದರೆ ಬೇಸಿಕ್ ಲೈಫ್ ಸಪೋರ್ಟ್ ಕಾರ್ಡ್ ಇದೆಯಾ ಅಂತ ಮಾತ್ರ ಕೇಳಿದರು. ಇರಲಿಲ್ಲ. ಅಕ್ಟೋಬರ್‌ನಲ್ಲಿ ಸಾಲ ಮಾಡಿ ಬೆಂಗಳೂರಿಗೆ ಹೋಗಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಒಂದೇ ದಿನದಲ್ಲಿ ಮುಗಿಸಿದೆ. ಆ ಕಾರ್ಡಿಗೆ ಎರಡು ವರ್ಷ ಆಯಸ್ಸು.

ಸೇರಿಸಿಕೊಂಡದ್ದು ಕಾರ್ಖಾನೆಯವರಲ್ಲ, ಒಬ್ಬ ಕಾಂಟ್ರಾಕ್ಟರು. ವರ್ಷಕ್ಕೊಮ್ಮೆ ರಿನ್ಯೂವಲ್. ಗ್ರಾಸ್ 16,800. ಬೇಸಿಕ್ 14,000ದ ಮೇಲೆ ಪಿಎಫ್ ಶೇ 12, ಅಂದರೆ 1,680. ಇಎಸ್‌ಐ ಶೇ 0.75, ಅಂದರೆ 126. ಕೈಗೆ 14,994. ಆರು ರೂಪಾಯಿ ಸೇರಿಸಿ ಹದಿನೈದು ಅನ್ನುತ್ತೇನೆ ಮನೆಯಲ್ಲಿ.

ಕೆಲಸ ಹೇಗಿರುತ್ತದೆ ಅಂದರೆ, ಹತ್ತರಲ್ಲಿ ಎಂಟು ದಿನ ಏನೂ ಆಗುವುದಿಲ್ಲ. ಬಂದ ಕೂಡಲೇ ಸಿಲಿಂಡರಿನ ಮುಳ್ಳು ನೋಡುತ್ತೇನೆ, ಇದು ಬೇರೆ ಹೇಳಬೇಕಿಲ್ಲ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರದ ಹಸಿರು ದೀಪ, ಸಕ್ಷನ್, ಗ್ಲುಕೋಮೀಟರ್ ಪಟ್ಟಿಗಳ ದಿನಾಂಕ. ಬೆಳಗ್ಗೆ ಹತ್ತರ ಹೊತ್ತಿಗೆ ತಲೆಸುತ್ತಿನ ಸರದಿ ಶುರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಏನೂ ತಿನ್ನದೆ ಬಸ್ ಹತ್ತಿ, ನಿಂತು ನಿಂತು ಬೀಳುತ್ತಾರೆ. ಕಾಲೆತ್ತಿ ಮಲಗಿಸು, ಜಿಆರ್‌ಬಿಎಸ್, ಅಂದರೆ ರಕ್ತದ ಸಕ್ಕರೆ, ನೋಡು, ಒಆರ್‌ಎಸ್ ಕುಡಿಸು, “ತಿಂಡಿ ತಿಂದ್ಯಾ?” ಅಂತ ಕೇಳು. ತಿಂದೆ ಅಂತಲೇ ಹೇಳುತ್ತಾರೆ. ಉಳಿದಂತೆ ಬೆರಳು ಜಜ್ಜಿದ್ದು, ಸೋಲ್ಡರ್ ತಗುಲಿ ಸುಟ್ಟಿದ್ದು, ಕಣ್ಣಿಗೆ ಕಸ. ಮಾತ್ರೆ ಕೊಡಬೇಕಾದರೆ ಡಾಕ್ಟ್ರ ಲಿಖಿತ ಆದೇಶ ಇರಬೇಕು, ಇಲ್ಲವಾದರೆ ಅವರಿಗೆ ಫೋನ್.

ಒಂದು ರಾತ್ರಿಯ ಮಾತು. ಮೂರನೇ ಪಾಳಿ, ಒಂದೂಮುಕ್ಕಾಲು. ರೇಡಿಯೋದಲ್ಲಿ ಕರೆ ಬಂತು, ಓಡಿದೆ. ಹುಡುಗಿಯೊಬ್ಬಳಿಗೆ ಫಿಟ್ಸು. ಇಬ್ಬರು ಅವಳ ಕೈ ಕಾಲು ಅದುಮಿ ಹಿಡಿದಿದ್ದರು, ಲೈನ್ ಲೀಡರ್ ಕಬ್ಬಿಣ ಹಿಡಿಸಬೇಕು ಅಂತ ಕೀ ಗೊಂಚಲು ಹಿಡಿದು ಓಡಿ ಬಂದ, ಇನ್ಯಾರೋ ಚಮಚ ತರಲು ಕ್ಯಾಂಟೀನಿಗೆ ಓಡಿದ್ದರು. “ಬಿಡ್ರೀ ಅವಳನ್ನ! ಎಲ್ಲಾ ಹಿಂದಕ್ಕೆ!” ನನ್ನ ಗಂಟಲಿಂದ ಅಷ್ಟು ದೊಡ್ಡ ದನಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಕುರ್ಚಿ ಪಕ್ಕಕ್ಕೆ ತಳ್ಳಿ, ತಲೆ ಕೆಳಗೆ ನನ್ನ ಜರ್ಕಿನ್ ಮಡಚಿ ಇಟ್ಟೆ. ಬಾಯಿಗೆ ಏನೂ ಹಾಕಬಾರದು, ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ದೌಡಾಯಿಸುವ ಪರಿಸ್ಥಿತಿ. ಫಿಟ್ಸು ನಿಂತಾಗ ಎಡಗೈಯ ಗ್ಲೌಸಿನ ಮೇಲೆ ಬರೆದೆ: 1.47ರಿಂದ 1.49. ಎಡಮಗ್ಗುಲಿಗೆ ಹೊರಳಿಸಿ, ಜೊಲ್ಲು ಒರೆಸಿ, ಆಕ್ಸಿಜನ್ ಹಾಕಿದೆ.

ಕಾಲು ಗಂಟೆ ಬಿಟ್ಟು ಒಎಚ್‌ಸಿಯ ಮಂಚದ ಮೇಲೆ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು “ಅಕ್ಕಾ, ಎಚ್‌ಆರ್‌ಗೆ ಹೇಳ್ತೀರಾ?” ಅಂತ. ಅವಳಿಗೆ ಮೊದಲಿಂದ ಫಿಟ್ಸ್ ಇತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಸೇರುವಾಗ ಫಾರಂನಲ್ಲಿ ಇಲ್ಲ ಅಂತ ಬರೆದಿದ್ದಳು. ರಾತ್ರಿ ಪಾಳಿಯ ನಿದ್ದೆಗೇಡು, ಎರಡು ದಿನದಿಂದ ಮಾತ್ರೆ ಖಾಲಿ. ನಾನು ಡಾಕ್ಟ್ರ ಗೋಪ್ಯ ರಿಜಿಸ್ಟರಿನಲ್ಲಿ ಇದ್ದದ್ದನ್ನೆಲ್ಲ ಬರೆದೆ. ಎಚ್‌ಆರ್‌ಗೆ ಹೋಗುವ ಇನ್ಸಿಡೆಂಟ್ ರಿಪೋರ್ಟಿನಲ್ಲಿ ಪ್ರಜ್ಞೆ ತಪ್ಪಿತ್ತು, ಡಾಕ್ಟ್ರ ಸಲಹೆಗೆ ಕಳಿಸಿದೆ ಅಂತ ಮಾತ್ರ ಬರೆದೆ. ಇದು ಸರಿಯೋ ಅಂತ ಬೆಳಗಿನ ತನಕ ಕೊರೆಯುತ್ತಿತ್ತು. ಡಾಕ್ಟ್ರು ಎರಡನ್ನೂ ಓದಿ, ಏನೂ ಅನ್ನದೆ, ಅವಳನ್ನು ಹಗಲು ಪಾಳಿಗೆ, ಯಂತ್ರಗಳಿಂದ ದೂರದ ಪ್ಯಾಕಿಂಗಿಗೆ ಹಾಕಲು ಬರೆದರು. ಇಂಥ ತೀರ್ಮಾನಗಳು ಯಾವ ವೈವಾದಲ್ಲೂ ಬರುವುದಿಲ್ಲ.

ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಜನ. ಸರ್ಕಾರಿ ಗಾಡಿಯ ಇಎಂಟಿ ಆದವರು ಇಬ್ಬರು, ಇಬ್ಬರೂ ನರ್ಸಿಂಗ್ ಮಾಡಿದ್ದವರು. ಖಾಸಗಿ ಆಂಬುಲೆನ್ಸಲ್ಲಿ ಮೂವರು, ಎಲ್ಲ ಹುಡುಗರು. ಅದರಲ್ಲಿ ಚೆನ್ನಾಗಿ ದುಡಿಯುತ್ತಿರುವವನು ಹೆವಿ ಲೈಸೆನ್ಸ್ ಇರುವವನು, ಓಡಿಸಲೂ ಬರುತ್ತದೆ, ಹಿಂದೆ ಕೂರಲೂ ಬರುತ್ತದೆ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇಬ್ಬರು, ಡಯಾಲಿಸಿಸ್ ಕಲಿಯಲು ಹೋದವಳು ಒಬ್ಬಳು, ಒಎಚ್‌ಸಿಯಲ್ಲಿ ನಾನೂ ಮಾಲೂರಿನ ಒಬ್ಬನೂ. ಒಬ್ಬಳಿಗೆ ಮದುವೆಯಾಯಿತು, ಒಬ್ಬ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. ಉಳಿದ ಇಬ್ಬರು ನಾನಿರುವ ಕಾರ್ಖಾನೆಯಲ್ಲೇ ಲೈನ್ ಮೇಲೆ ನಿಲ್ಲುತ್ತಾರೆ. ಅವರಿಗೆ ಓವರ್‌ಟೈಮ್ ಸೇರಿ ನನಗಿಂತ ಒಂದೂವರೆ ಸಾವಿರ ಹೆಚ್ಚೇ ಬರುತ್ತದೆ. ಅವರಲ್ಲಿ ಒಬ್ಬಳು ಒಂದು ಸಲ ತಲೆಸುತ್ತು ಅಂತ ಬಂದಳು. ಕಾಲೆತ್ತಿ ಮಲಗಿಸುವಾಗ, “ಪಲ್ಸ್ ಸರಿಯಾಗಿ ಎಣಿಸೇ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ” ಅಂತ ನನಗೇ ಪಾಠ ಹೇಳಿದಳು.

ಈ ವರ್ಷ ಮತ್ತೆ ಅದೇ ದೊಡ್ಡ ಆಂಬುಲೆನ್ಸ್ ಸೇವೆಯ ಸಂದರ್ಶನಕ್ಕೆ ಹೋದೆ. ಈ ಸಲ ಎರಡು ವರ್ಷದ ಅನುಭವ ಇದೆ ಅನ್ನುವ ಧೈರ್ಯ. ಎಕ್ಸ್‌ಪೀರಿಯೆನ್ಸ್ ಲೆಟರ್ ನೋಡಿದ ಮೇಡಂ ಬೆರಳಿಟ್ಟು ತೋರಿಸಿದರು. ಹುದ್ದೆ: ಒಎಚ್‌ಸಿ ಅಸಿಸ್ಟೆಂಟ್. “ಇದ್ರಲ್ಲಿ ಇಎಂಟಿ ಅಂತ ಎಲ್ಲಿದೆಯಮ್ಮ? ಅಸಿಸ್ಟೆಂಟ್ ಅಂದ್ರೆ ಫೈಲ್ ಜೋಡಿಸೋರೂ ಆಗಬಹುದು.” ಕುತ್ತಿಗೆಯಲ್ಲಿ ತೂಗುತ್ತಿದ್ದ ಐಡಿ ಕಾರ್ಡ್ ತಿರುಗಿಸಿ ನೋಡಿದೆ. ಅದರಲ್ಲೂ ಅದೇ. ಎರಡು ವರ್ಷ ದಿನಾ ಹಾಕಿಕೊಂಡು ತಿರುಗಿದ್ದೇನೆ, ಒಂದು ದಿನವೂ ಓದಿರಲಿಲ್ಲ.

ಈಗ ಹೊಸದಾಗಿ ಕೋರ್ಸ್ ಮುಗಿಸಿದವರು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಆಫರ್ ಲೆಟರಿನಲ್ಲಿ ಹುದ್ದೆಯ ಹೆಸರು ಏನಿದೆ ಅಂತ. ಸಂಬಳ ಐನೂರು ಕಡಿಮೆ ಮಾಡಿಕೊಂಡಾದರೂ ಆ ಹೆಸರು ಸರಿ ಮಾಡಿಸಿಕೊಳ್ಳಿ ಅನ್ನುತ್ತೇನೆ. ಹುಡುಗರಾದರೆ ಡ್ರೈವಿಂಗ್ ಕಲಿಯಿರಿ ಅನ್ನುತ್ತೇನೆ. ಇನ್ನೂ ಸೇರಿಯೇ ಇಲ್ಲ, ಮನೆಯಲ್ಲಿ ಸ್ವಲ್ಪ ಅನುಕೂಲ ಇದೆ ಅನ್ನುವವರಿಗೆ ಜಿಎನ್‌ಎಂ ಅಥವಾ ಎಮರ್ಜೆನ್ಸಿ ಕೇರ್ ಡಿಗ್ರಿ ನೋಡಿ ಅನ್ನುತ್ತೇನೆ. ಅದನ್ನು ಕೇಳಿದ ಒಬ್ಬ ಹುಡುಗ “ಅಕ್ಕ, ನೀವು ಬೇಡ ಅಂತಿದ್ದೀರಾ?” ಅಂದ. ಬೇಡ ಅನ್ನುತ್ತಿಲ್ಲ. ಯಾವ ಬಾಗಿಲು ಎಷ್ಟು ಅಗಲ ಅಂತ ಹೇಳುತ್ತಿದ್ದೇನೆ, ಅಷ್ಟೆ.

ಹುದ್ದೆಯ ಹೆಸರು ಬದಲಿಸಿ ಅಂತ ಕಾಂಟ್ರಾಕ್ಟರ ಆಫೀಸಿಗೆ ಮೂರು ಸಲ ಮೇಲ್ ಹಾಕಿದೆ. ಮಾರ್ಚ್ ರಿನ್ಯೂವಲ್ ಹೊತ್ತಿಗೆ ನೋಡೋಣ ಅಂದಿದ್ದಾರೆ. ಅಷ್ಟರಲ್ಲಿ ಡಾಕ್ಟ್ರು ತಮ್ಮ ಲೆಟರ್‌ಹೆಡ್ಡಿನಲ್ಲಿ, ತಮ್ಮದೇ ಕೈಬರಹದಲ್ಲಿ, ನಾನು ಏನೇನು ಮಾಡುತ್ತೇನೆ ಅಂತ ಒಂದೂವರೆ ಪುಟ ಬರೆದುಕೊಟ್ಟಿದ್ದಾರೆ. ಅಕ್ಷರ ಡಾಕ್ಟ್ರದ್ದೇ, ಅರ್ಧ ನನಗೂ ಓದಲಾಗುವುದಿಲ್ಲ. ಈ ಸಲ ಲ್ಯಾಮಿನೇಷನ್ ಮಾಡಿಸಿಲ್ಲ, ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದೇನೆ.

ಬಿಎಲ್‌ಎಸ್ ಕಾರ್ಡಿನ ಎರಡು ವರ್ಷ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮತ್ತೆ ಮಾಡಿಸುವ ಖರ್ಚು ಕಾರ್ಖಾನೆ ಕೊಡುವುದಿಲ್ಲ, ಕಾಂಟ್ರಾಕ್ಟರೂ ಕೊಡುವುದಿಲ್ಲ. ಸೋಮವಾರ ನನ್ನ ವಾರದ ರಜೆ, ಅವತ್ತಿಗೆ ಸೀಟು ಬುಕ್ ಮಾಡಿದ್ದೇನೆ. ಬಂಗಾರಪೇಟೆಗೆ ಬಿಡಲು ಅಪ್ಪ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದಾರೆ.